ಮಹಬೂಬಿ ಪಾರ್ಕಿನಲ್ಲಿ ಕಟ್ಟಿದ ಜೋಕಾಲಿ

ಸುಳ್ಳು ಅಂದುಕೊಂಡೆ...

ಮುಂಜಾನೆ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಸುದ್ದಿ ಹಾಕಿದ ಹುಡುಗನಿಗೆ ಫೋನ್ ಹಚ್ಚಿ ಬೈದೆ.
"ಮೊನ್ನೆ ಸಂತ್ಯಾಗ ನೋಡೇನಿ ಲೇ ಅಕೀನ್ನ. ತಿಳಕೊಂಡು ಹಾಕು!"
ಅವನು "ಖರೇ ಐತ್ರಿ ಕಾಕಾ..." ಅಂದ.

ಬಳೆ ಮಾರುವ ಮಹಬೂಬಿ ಹೋಗಿಬಿಟ್ಟಳು.
ನಸುಕಿನಲ್ಲಿ ಎದೆ ಹಿಡಿದಂಗಾಗೇತಿ ಅಂದಳಂತೆ... ಆಸ್ಪತ್ರೆ ಮುಟ್ಟಲಿಲ್ಲ.

ಗೊತ್ತಿಲ್ಲದವರಿಗೆ ಹೇಳುತ್ತೇನೆ.
ತಂಬೂರ, ಬಮ್ಮಿಗಟ್ಟಿ ಕಡೆ ಮನೆಮನೆಗೆ ಹೋಗಿ ಬಳೆ ತೊಡಿಸುತ್ತಿದ್ದಳು.
ನಮ್ಮ ಊರ ಕೆರೆ ದಂಡೆಯ ಪಾರ್ಕ್ ಕಮಿಟಿಯಲ್ಲಿ ಇದ್ದ ಒಬ್ಬಳೇ ಹೆಣ್ಣುಮಗಳು.
ಆ ಕಮಿಟಿಗೆ ನಾನು ಅಧ್ಯಕ್ಷ.

ಗ್ರೂಪಿನಲ್ಲಿ ಆಗಿನಿಂದ ಹೂವು, ಮುಗಿದ ಕೈ...
"ಪಾರ್ಕಿನ ಹೆಮ್ಮೆ" ಅಂತ ಒಬ್ಬ ಬರೆದಿದ್ದಾನೆ.
ನಾಚಿಕೆಯಾಗಬೇಕು ನಮಗೆ. ಮೊದಲು ನನಗೆ.

ಈ ಸಲದ ನಾಗರ ಪಂಚಮಿ ಮರೆತಿರೇನು?

ಪಂಚಮಿಗೆ ತವರಿಗೆ ಬಂದ ಹೆಣ್ಣುಮಕ್ಕಳು ಜೋಕಾಲಿ ಆಡದಿದ್ದರೆ ಅದು ಹಬ್ಬವೇ ಅಲ್ಲ.
ಆದರೆ ಓಣಿಯಲ್ಲಿ ಗಿಡಗಳೆಲ್ಲಿ... ರಸ್ತೆ ಅಗಲ ಮಾಡುವಾಗ ಕಡಿದರು.
ಹಗ್ಗ ತಡೆಯುವಂಥ ಬೇವಿನ ಗಿಡ ಉಳಿದದ್ದು ಪಾರ್ಕಿನಲ್ಲಿ ಮಾತ್ರ.

ಮೀಟಿಂಗಿನಲ್ಲಿ ಮಹಬೂಬಿ ಕೇಳಿದಳು, "ಒಂದ ದಿನ ಹಗ್ಗ ಕಟ್ಟೂಣ್ರಿ ಅಣ್ಣಾರ."
ನಾನು ರೂಲ್ಸ್ ಹೇಳಿದೆ. ಪಾರ್ಕಿನಲ್ಲಿ ಜೋಕಾಲಿ ಸಣ್ಣ ಮಕ್ಕಳಿಗೆ ಅಷ್ಟೇ. ದೊಡ್ಡವರು ಆಡುವ ಹಾಗಿಲ್ಲ.
"ದಿನಾ ಮುಂಜಾನಿ ಗಂಡಸ್ರೆಲ್ಲಾ ಸುತ್ತ ನಿಂತು ಹಾಹಾ ಹೋಹೋ ಅಂತ ಸುಮಸುಮ್ನ ನಗ್ತೀರಲ್ರಿ, ಅದಕ್ಕ ಯಾವ ರೂಲ್ಸ್?"
ಎಲ್ಲರೂ ಬಿದ್ದುಬಿದ್ದು ನಕ್ಕರು. ನನಗೆ ಸಿಟ್ಟು ನೆತ್ತಿಗೇರಿತು.

ಹಬ್ಬದ ದಿನ ಅವಳೇ ಹಗ್ಗ ತಂದು ಕಟ್ಟಿಸಿದ್ದಳು.
ಹೊಸ ಸೀರೆ, ಕೈತುಂಬ ಬಳೆ... ಹೆಣ್ಣುಮಕ್ಕಳು ಪಾಳಿ ಹಚ್ಚಿ ನಿಂತಿದ್ದರು.
ಜೀಕುತ್ತಿದ್ದಾಕೆ ಮೇಲೆ ಹೋದಾಗೊಮ್ಮೆ "ಕೆರಿ ಕಾಣತೈತೇ!" ಅಂತ ಚೀರುತ್ತಿದ್ದಳು.

ನಾನು ಹೋಗಿ ನಿಲ್ಲಿಸಿದೆ.
ಎಲ್ಲರೆದುರು ವಾಚ್‌ಮನ್ ಕೈಯಿಂದ ಹಗ್ಗ ಬಿಚ್ಚಿಸಿದೆ.
ಕಮಿಟಿಯವರು ನೀವು ನನ್ನ ಹಿಂದೆಯೇ ನಿಂತಿದ್ದಿರಿ. ಒಬ್ಬರೂ ಪಿಟಕ್ ಅನ್ನಲಿಲ್ಲ.

ತಂಗಿ ಮಹಬೂಬಿ...
ನೀನು ಅವತ್ತು ಜಗಳ ತೆಗೆಯಬೇಕಿತ್ತು. ನಾಲ್ಕು ಮಾತು ಬೈಯಬೇಕಿತ್ತು.
ಜಗಳ ನನಗೆ ಬರುತ್ತದೆ. ಬೇರೆ ಏನು ಬರುತ್ತದೆ...
ನೀನು ಹಗ್ಗ ಸುತ್ತಿ ಹೆಗಲಿಗೆ ಹಾಕಿಕೊಂಡೆ.
"ಪಂಚಮಿಗೆ ಅಣ್ಣಗೋಳು ಜೋಕಾಲಿ ಕಟ್ಟಿಕೊಡೂದು ನೋಡಿದ್ನಿರಿ. ಬಿಚ್ಚಸೂದು ಇವತ್ತ ನೋಡಿದೆ" ಅಂದೆ.
ಅಷ್ಟೇ.
ಮುಂದಿನ ಸಂತೆಯಲ್ಲಿ "ಆರಾಮ್ರಿ ಅಣ್ಣಾರ?" ಅಂತ ನೀನೇ ಮಾತಾಡಿಸಿದೆ.
ನಾನು ಹೂಂ ಅಂದು ಮುಖ ತಿರುವಿ ನಡೆದೆ...

ಈಗ ಮಧ್ಯಾಹ್ನ ಅವಳ ಮನೆಗೆ ಹೋಗಿ ಬಂದೆ.
ಬಾಗಿಲ ತುಂಬ ಹೆಂಗಸರು.
"ಸರೀರಿ ಬೇ, ಪಾರ್ಕಿನ ಯಜಮಾನರು ಬಂದ್ರು. ಇಲ್ಲೂ ಏನರ ರೂಲ್ಸ್ ಇರಬೇಕು" ಅಂತ ಒಬ್ಬಾಕೆ ಅಂದದ್ದು ಕೇಳಿಸಿತು.
ತಿರುಗಿ ಬೈಯಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಹೋದೆ.

ಅಳ್ನಾವರಕ್ಕೆ ಕೊಟ್ಟ ಮಗಳು ಶಮೀಮ ಎದ್ದು ಬಂದಳು. ಮಹಬೂಬಿಗೆ ಅವಳೊಬ್ಬಳೇ. ತಂದೆ ತೀರಿ ಬಹಳ ವರ್ಷವಾಯಿತು. ಪ್ರತಿ ಪಂಚಮಿಗೆ ತಾಯಿ ಕರೆಸಿಕೊಂಡು ಉಂಡಿ ಕಟ್ಟಿ ತಿನಿಸುತ್ತಿದ್ದಳು.
ಏನಾದರೂ ಹೇಳಬೇಕಲ್ಲ...
"ಬರೂ ಪಂಚಮಿಗೆ ನಾನ ಮುಂದ ನಿಂತು ಜೋಕಾಲಿ ಕಟ್ಟಸ್ತೇನವಾ" ಅಂದೆ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.
"ಕಟ್ಟಸ್ರಿ ಕಾಕಾ. ನಾ ಬರೂದಿಲ್ಲ. ಪಂಚಮಿಗೆ ಬಾ ಅನ್ನಾಕ ನನಗ ಇನ್ನ ಇಲ್ಲಿ ಯಾರದಾರ?"

ನಾನಿದ್ದೇನೆ ಬಾ ಅನ್ನಬೇಕಿತ್ತು.
ಅವಳ ತಾಯಿಯಿಂದ ಇಷ್ಟು ವರ್ಷ ಅಣ್ಣಾ ಅನ್ನಿಸಿಕೊಂಡವನು ನಾನು.
ಯಾವ ಮುಖದಿಂದ ಅನ್ನಲಿ?
ಚಪ್ಪಲಿ ಮೆಟ್ಟಿಕೊಂಡು ಬಂದುಬಿಟ್ಟೆ.

ಸಂಜೆ ಮಣ್ಣು. ಎಲ್ಲರೂ ಬನ್ನಿ.
ಪಾರ್ಕಿನ ಗೇಟಿಗೆ ಅವಳ ಫೋಟೊ ಹಾಕಿ ಬ್ಯಾನರ್ ಕಟ್ಟುತ್ತೇವೆ ಅನ್ನುವವರು ಕಟ್ಟಬೇಡಿ. ಕಟ್ಟಿದರೆ ನಾನೇ ಹರಿಯುತ್ತೇನೆ.

ಹೋಗಿ ಬಾ ತಂಗಿ...
ಮೇಲಿನವನು ನಿನ್ನ ಜೀವಕ್ಕೆ ತಂಪು ಕೊಡಲಿ.