ಪಂದ್ಯಕ್ಕೆ ಹೊರಟ ಇದ್ದಿಲು ಬಸ್ಸು

ಮಧುಗಿರಿ ಬೆಟ್ಟದ ನೆತ್ತಿಗೆ ಇನ್ನೂ ಬಿಸಿಲು ಬಿದ್ದಿಲ್ಲ. ಬಸ್ಸಿನ ಹಿಂಬದಿಗೆ ಕಟ್ಟಿದ ಕಬ್ಬಿಣದ ಡ್ರಮ್ಮಿಗೆ ಇದ್ದಿಲು ಸುರಿದು ಬೆಂಕಿ ಹಚ್ಚಿರುವ ಡ್ರೈವರ್ ಅಹಮದ್ ಷರೀಫರು ಗಾಳಿ ಊದುವ ಚಕ್ರ ತಿರುಗಿಸುತ್ತಿದ್ದಾರೆ. ಯುದ್ಧ ಬಂದು ಪೆಟ್ರೋಲು ಕಣ್ಮರೆಯಾದ ಮೇಲೆ ಈ ಬಸ್ಸಿಗೆ ಇದ್ದಿಲ ಹೊಗೆಯೇ ಗತಿ. ಬಸ್ಸಿಗಿಂತ ಮೊದಲು ಡ್ರೈವರು ಕೆಮ್ಮುತ್ತಾರೆ ಎಂದು ಊರಿನವರು ತಮಾಷೆ ಮಾಡುವುದುಂಟು.

"ಮನೆಗೆ ಬಂದ ತಕ್ಷಣ ಮುಖ ತೊಳ್ಕೊಳ್ರೀ ಅಂತೀನಿ. ಇಲ್ದಿದ್ರೆ ಮಕ್ಕಳು ಗುರುತೇ ಹಿಡಿಯಾಕಿಲ್ಲ" ಎನ್ನುತ್ತಾ ಪತ್ನಿ ಖಾಜಾಬಿ ಬುತ್ತಿ ಕೊಡುತ್ತಾರೆ. ಷರೀಫರು ಶಿರಾದಲ್ಲಿ ಜಟಕಾ ಓಡಿಸುತ್ತಿದ್ದವರು. ಕುದುರೆ ಸತ್ತ ಮೇಲೆ ಸ್ಟೀರಿಂಗ್ ಹಿಡಿದರು. ಕೆಂಡ ಸಿಡಿದ ಗುರುತು ಎರಡೂ ಕೈಗಳ ತುಂಬ ಇದೆ.

ಇಂದು ಬಸ್ಸಿನಲ್ಲಿ ನಾನೂ ಸೇರಿದಂತೆ ಮಾಮೂಲಿ ಪ್ರಯಾಣಿಕರ ಜೊತೆಗೆ ಮಧುಗಿರಿಯ ಹೈಸ್ಕೂಲು ಫುಟ್‌ಬಾಲ್ ತಂಡವಿದೆ. ಶಿರಾವನ್ನೂ ಕೊರಟಗೆರೆಯನ್ನೂ ಸೋಲಿಸಿದ ಹುಡುಗರಿಗೆ ಉಳಿದಿರುವುದು ಪಾವಗಡವೊಂದೇ. ಹೋದ ವರ್ಷವೂ ಕೊನೆಯ ಪಂದ್ಯ ಅಲ್ಲೇ ಇತ್ತು. ಬಸ್ಸು ಏರಿನಲ್ಲಿ ಕೈಕೊಟ್ಟು, ತಂಡ ತಲುಪುವಷ್ಟರಲ್ಲಿ ಹೊತ್ತು ಮೀರಿ, ಮಧುಗಿರಿ ಚೆಂಡು ಮುಟ್ಟದೆಯೇ ಸೋತಿತು. ಬೈಗುಳವೆಲ್ಲ ಷರೀಫರ ಪಾಲಿಗೆ ಬಂತು.

"ಹುಡುಗ್ರು ಬಸ್ಸಲ್ಲೇ ಅತ್ತುಬುಟ್ರು ಸ್ವಾಮಿ. ಈ ಸಲನೂ ಟೈಮಿಗೆ ಮುಟ್ಟಿಸ್ಲಿಲ್ಲ ಅಂದ್ರೆ ಈ ಕೆಲ್ಸಾನೇ ಬುಟ್ಬುಡ್ತೀನಿ" ಎಂದು ಷರೀಫರು ನನಗೆ ಹೇಳುತ್ತಾರೆ. ಮಾತಿನಲ್ಲಿ ತಮಾಷೆಯ ಸುಳಿವಿಲ್ಲ. ಪಂದ್ಯ ಮಧ್ಯಾಹ್ನ ಮೂರಕ್ಕೆ.

ಅಲ್ಲಲ್ಲಿ ನಿಂತು ಉಸಿರು ತೆಗೆದುಕೊಂಡ ಬಸ್ಸು ಮಿಡಿಗೇಶಿ ದಾಟಿದ ಮೇಲೆ ಒಂದು ಏರಿನಲ್ಲಿ ಪೂರ್ತಿ ಸೋಲುತ್ತದೆ. ಇಂಥ ಕಡೆ ಪ್ರಯಾಣಿಕರೆಲ್ಲ ಇಳಿದು ತಳ್ಳುವುದು ಈಗ ರೂಢಿ. ಷರೀಫರು ಇವತ್ತು ಹೊಸ ಕಾನೂನು ತರುತ್ತಾರೆ: ಆಟಗಾರರು ಇಳಿಯಕೂಡದು. ಕ್ಯಾಪ್ಟನ್ ಶಂಕರಲಿಂಗಪ್ಪ ನಾಚಿಕೊಂಡು ಕೆಳಗೆ ಹಾರುತ್ತಾನೆ.

"ಹತ್ತಯ್ಯ ಮೇಲೆ! ಕಾಲಿನ ಕಸುವೆಲ್ಲ ಇಲ್ಲೇ ಕಳ್ದುಬುಟ್ರೆ ಅಲ್ಲೇನು ಒದೀತೀಯ?" ಷರೀಫರು ಗದರುತ್ತಾರೆ.

"ಗಂಡುಡುಗ್ರು ಮದುವಣಿಗರಂಗೆ ಕುಂತವ್ರೆ, ನಾವು ತಳ್ಬೇಕಂತೆ ಕಣಮ್ಮ!" ಎನ್ನುತ್ತಾ ಹೂವು ಮಾರುವ ಕರಿಬಸಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸುತ್ತಾರೆ.

ನಿನ್ನೆಯ ಸಂತೆ ಮುಗಿಸಿ ಊರಿಗೆ ಹೊರಟಿದ್ದ ಪಾವಗಡದ ಅಡವಯ್ಯ ಮಾತ್ರ ರಸ್ತೆ ಬದಿಯ ಕಲ್ಲಿನ ಮೇಲೆ ಕೂತುಬಿಡುತ್ತಾನೆ. ಆಳು ಗಟ್ಟಿಮುಟ್ಟು. ಅವನು ಕೈ ಹಾಕದೆ ಬಸ್ಸು ಅಲುಗುತ್ತಿಲ್ಲ.

"ಏಮಪ್ಪಾ ಸಾಬ್ರೇ, ನಮ್ಮೂರ್ನ ಸೋಲ್ಸೋಕೆ ನಾನೇ ತಳ್ಳಿ ಕಳಿಸ್ಬೇಕಾ? ಬಾಗುಂದಿ, ಚೆನ್ನಾಗೈತೆ ನಿಮ್ಮ ನ್ಯಾಯ!" ಅಡವಯ್ಯನ ಮಾತಿನಲ್ಲಿ ಅವನ ಊರಿನ ತೆಲುಗು ಬೆರೆತಿದೆ.

ಎಲ್ಲರೂ ನಗುತ್ತಾರೆ. ಷರೀಫರು ನಗುವುದಿಲ್ಲ. ನೆತ್ತಿ ದಾಟುತ್ತಿರುವ ಸೂರ್ಯನನ್ನು ನೋಡಿ ಅಡವಯ್ಯನ ಹತ್ತಿರ ಹೋಗುತ್ತಾರೆ. "ಹೋದ್ ವರ್ಷ ನಿಮ್ಮೂರು ಗೆಲ್ತಲ್ಲ, ಗೋಲು ಹೊಡ್ದೋನು ಯಾರು ಹೇಳಪ್ಪ?"

ಹೋದ ವರ್ಷ ಯಾರೂ ಗೋಲು ಹೊಡೆದಿರಲಿಲ್ಲ. ಅಡವಯ್ಯ ಎದ್ದು ಪಂಚೆ ಎತ್ತಿ ಕಟ್ಟುತ್ತಾನೆ. "ಬರ್ದೇ ಇದ್ದೋರ್ನ ಗೆದ್ದಿದ್ದು ನಮ್ಗೂ ಮರ್ಯಾದೆ ಕಾದಪ್ಪಾ, ಅಲ್ಲವೇ ಅಲ್ಲ. ಈ ಸಲ ಆಡೇ ಗೆಲ್ತೀವಿ, ಸೂಡು, ನೋಡ್ತಿರು" ಎಂದು ಬಸ್ಸಿಗೆ ಹೆಗಲು ಕೊಡುತ್ತಾನೆ. ಬಸ್ಸು ಏರು ಹತ್ತುತ್ತದೆ. ನನ್ನ ಅಂಗಿಯೂ ಕರಿಯಾಯಿತು. ಅದರಲ್ಲಿ ನನಗೆ ಬೇಸರವಿಲ್ಲ.

ಪಾವಗಡದ ಮೈದಾನದಲ್ಲಿ ರೆಫರಿ ಗಡಿಯಾರ ನೋಡುತ್ತಾ ನಿಂತಿದ್ದಾರೆ. ಹುಡುಗರು ಬಸ್ಸಿನಿಂದ ಹಾರಿ ನೇರ ಅಂಕಣಕ್ಕೇ ಓಡುತ್ತಾರೆ. ಹೊತ್ತು ಮೀರಿಲ್ಲ.

ಷರೀಫರು ಪಂದ್ಯ ನೋಡುವುದಿಲ್ಲ. ಬೆಂಕಿ ಆರಿದರೆ ಕತ್ತಲಿಗೆ ಮೊದಲು ಹೊರಡುವುದು ಆಗದ ಮಾತು. ಬಸ್ಸಿನ ಹಿಂದೆ ನಿಂತು ಚಕ್ರ ತಿರುಗಿಸುತ್ತಾ, ಕೂಗು ಕೇಳಿದಾಗಲೆಲ್ಲ "ಯಾರ್ದು? ಯಾರ್ದು?" ಎಂದು ಹಾದುಹೋಗುವವರನ್ನು ಕಾಡುತ್ತಾರೆ.

ಮಧುಗಿರಿ ಎರಡು-ಒಂದರಿಂದ ಸೋಲುತ್ತದೆ. ಅಡವಯ್ಯನ ಕೇಕೆ ಮೈದಾನದಾಚೆಗೂ ಕೇಳುತ್ತದೆ. ಮೊಣಕಾಲು ತರಚಿಕೊಂಡ ಹುಡುಗರು ತಲೆ ತಗ್ಗಿಸಿ ಬಸ್ಸು ಹತ್ತುತ್ತಾರೆ. ಷರೀಫರು ಹೆಗಲ ವಸ್ತ್ರದಿಂದ ಮುಖದ ಮಸಿ ಒರೆಸಿಕೊಂಡು ಹೇಳುತ್ತಾರೆ:

"ನಮ್ದೂ ಒಂದು ಗೋಲು ಆಯ್ತಲ್ಲ ಸ್ವಾಮಿ. ಶಂಕರಲಿಂಗಪ್ಪ ಹೊಡ್ದಿದ್ದಂತೆ. ಅದ್ನ ಹೊಡೆಯೋ ಜಾಗಕ್ಕೆ ಅವ್ನನ್ನ ತಂದು ನಿಲ್ಸಿದ್ದು ನನ್ ಗಾಡಿ."