ಖಂಡೇಪೂಜೆಗೆ ಆರಿಸಿದ ಸ್ವಿಚ್ಚು

ಕೊರೊನಾ ತಣ್ಣಗಾದ ಮರುವರ್ಷ. ಚಿಕ್ಕೋಡಿಯ ಒಂದು ಸಣ್ಣ ಸರ್ವಿಸ್ ಕಂಪನಿಯಲ್ಲಿ ನಾನು ಹಿರಿಯ ನೆಟ್‌ವರ್ಕ್ ಎಂಜಿನಿಯರ್ ಆಗಿದ್ದೆ. ನಿಪ್ಪಾಣಿಯಿಂದ ಕಾಗವಾಡದವರೆಗೆ ಯಾವ ಆಫೀಸಿನ ನೆಟ್‌ವರ್ಕ್ ಕೈಕೊಟ್ಟರೂ ನನ್ನ ಸ್ಕೂಟಿಯೇ ಓಡಬೇಕು. ನನ್ನ ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು ಎಂದು ಎಲ್ಲರೂ ಹೇಳುತ್ತಿದ್ದರು. ಸುಳ್ಳೇನಲ್ಲ.

ದಸರೆಯ ದಿನ ಬೆಳಿಗ್ಗೆ ಹೂರಣ ರುಬ್ಬುತ್ತಿದ್ದಾಗ ಫೋನ್ ಬಂತು. ಹಾರೂಗೇರಿ ಹತ್ತಿರದ ಒಂದು ಹಾಲು ಶೀತಲೀಕರಣ ಕೇಂದ್ರದ ಮ್ಯಾನೇಜರ್. "ಮೇಡಂ, ಎಲ್ಲಾ ಬಂದ್ ಬಿದ್ದೈತ್ರಿ. ತೂಕದ ಕಂಪ್ಯೂಟರ್ ಇಲ್ಲ, ಹಾಲಿನ ಫ್ಯಾಟ್ ನೋಡೂ ಮಷೀನ್ ಇಲ್ಲ. ಲಗೂನ ಬರ್ರಿ!" ಹಾಲಿಗೆಲ್ಲಿಯ ರಜೆ? ಹೂರಣವನ್ನು ಅತ್ತೆಯ ಕೈಗೆ ಕೊಟ್ಟು ಹೊರಟೆ.

ಅಲ್ಲಿ ಹಾಲಿನ ಟೆಂಪೋಗಳು ಗೇಟಿನ ಹೊರಗೂ ನಿಂತಿದ್ದವು. ಒಳಗೆ ಇಬ್ಬರು ಹಳೆಯ ರಿಜಿಸ್ಟರ್ ತೆಗೆದು ಕೈಯಲ್ಲೇ ಬರೆದುಕೊಳ್ಳುತ್ತಿದ್ದರು, ಹಾಗಾಗಿ ಹಾಲು ಕೆಡಲಿಲ್ಲ. ಗೋಡೆಯ ಮೇಲಿನ ನೆಟ್‌ವರ್ಕ್ ಸ್ವಿಚ್ಚಿಗೆ ಮಾತ್ರ ಚೆಂಡುಹೂವಿನ ಮಾಲೆ, ನೆತ್ತಿಗೆ ವಿಭೂತಿಯ ಮೂರು ಗೆರೆ, ಕುಂಕುಮ. ಸ್ವಿಚ್ಚೆಂದರೆ ಅಲ್ಲಿನ ಕಂಪ್ಯೂಟರು, ಯಂತ್ರಗಳನ್ನೆಲ್ಲ ಒಂದಕ್ಕೊಂದು ಜೋಡಿಸುವ ಪೆಟ್ಟಿಗೆ. ಹಿಂದಿನ ದಿನ ಖಂಡೇಪೂಜೆ. ಆ ದಿನ ನಮ್ಮ ಕಡೆ ಕುಡುಗೋಲಿನಿಂದ ಟ್ರ್ಯಾಕ್ಟರಿನವರೆಗೆ ಎಲ್ಲಕ್ಕೂ ಬಿಡುವು ಕೊಟ್ಟು, ಒರೆಸಿ, ಪೂಜೆ ಮಾಡುತ್ತಾರೆ. ಆಪರೇಟರ್ ಲಗಮಣ್ಣ ಸ್ವಿಚ್ಚನ್ನೂ ಆರಿಸಿ, ಕೇಬಲ್ ಬಿಚ್ಚಿ ಬಿಡುವು ಕೊಟ್ಟು, ಬೆಳಿಗ್ಗೆ ಮತ್ತೆ ಹಚ್ಚಿದ್ದ.

ನನಗೆ ಪಿತ್ತ ನೆತ್ತಿಗೇರಿತು. "ಏನ್ ಕಾಕಾ, ಇದೇನ್ ಹೊಲಾ ಹೊಡಿಯೂ ರಂಟಿ ಕುಂಟಿ ಅಂತ ತಿಳದೀರೇನ? ಒಳಗ ನೀರ ಹೋಗಿದ್ರ?"

"ನೀರ ಹಾಕಿಲ್ರಿ ಅಕ್ಕಾರ," ಎಂದ ಲಗಮಣ್ಣ. "ಒಣಾ ಅರಬಿಲೆ ವರಸೀನಿ. ದುಡಿಯೂದ ಅದೂ ದುಡೀತೈತೆಲ್ರಿ."

ಮ್ಯಾನೇಜರ್ ನನ್ನನ್ನು ಪಕ್ಕಕ್ಕೆ ಕರೆದರು. ಲಗಮಣ್ಣ ಹನ್ನೊಂದು ವರ್ಷದಿಂದ ದಿನಗೂಲಿ. ಕಾಯಂ ಮಾಡುವವರ ಪಟ್ಟಿಯಲ್ಲಿ ಈ ಸಲ ಅವನ ಹೆಸರಿತ್ತು, ಪಟ್ಟಿ ಮರುದಿನವೇ ಮೇಲಿನ ಆಫೀಸಿಗೆ ಹೋಗಬೇಕಿತ್ತು. "ಆಪರೇಟರ್ ತಪ್ಪಿನಿಂದ ಸ್ವಿಚ್ ಕೆಟ್ಟೈತಿ ಅಂತ ರಿಪೋರ್ಟ್ ಬರದ ಕೊಡ್ರಿ. ಅವನ ಹೆಸರು ತಗದ ಕಳಸ್ತೀನಿ" ಎಂದರು. ಆ ಸಿಟ್ಟಿನಲ್ಲಿ ನಾನೂ ಹ್ಞೂಂ ಅಂದುಬಿಟ್ಟೆ.

ಲ್ಯಾಪ್‌ಟಾಪ್ ಜೋಡಿಸಿ ನೋಡಿದರೆ ಸ್ವಿಚ್ ಗಟ್ಟಿಮುಟ್ಟಾಗಿತ್ತು. ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಸ್ವಿಚ್ಚಿನಲ್ಲಿ ಸೆಟ್ಟಿಂಗಿನ ಎರಡು ಪ್ರತಿ ಇರುತ್ತವೆ. ರನ್ನಿಂಗ್ ಕಾನ್ಫಿಗರೇಶನ್ ಎಂಬುದು ಸದ್ಯ ನಡೆಯುತ್ತಿರುವುದು, ಕರೆಂಟ್ ಇರುವತನಕ ಅದರ ಆಯುಷ್ಯ. ಸ್ಟಾರ್ಟಪ್ ಕಾನ್ಫಿಗರೇಶನ್ ಒಳಗೆ ಫೈಲಾಗಿ ಕೂತಿರುತ್ತದೆ, ಆರಿಸಿ ಹಚ್ಚಿದಾಗ ಸ್ವಿಚ್ ಓದಿಕೊಳ್ಳುವುದು ಅದನ್ನೇ. ಏನೇ ಬದಲಿಸಿದರೂ ಕೊನೆಗೆ ಮೊದಲನೆಯದನ್ನು ಎರಡನೆಯದರ ಮೇಲೆ ಸೇವ್ ಮಾಡಬೇಕು. ಒಂದು ಸಾಲಿನ ಆದೇಶ, ಅಷ್ಟೇ.

ಒಂದೂವರೆ ತಿಂಗಳ ಹಿಂದೆ ಅಲ್ಲಿನ ಸೆಟ್ಟಿಂಗನ್ನೆಲ್ಲ ಬದಲಿಸಿದವಳು ನಾನೇ. ಈಗ ಸ್ಟಾರ್ಟಪ್ ಫೈಲ್ ತೆರೆದರೆ ಅದರಲ್ಲಿ ನನ್ನ ಕೆಲಸದ ಒಂದು ಸಾಲೂ ಇಲ್ಲ! ಅವತ್ತು ಇದೇ ಲಗಮಣ್ಣ ಬಿಸಿ ಗಿರಮಿಟ್ಟು ತಂದಿಟ್ಟಿದ್ದ. ತಿಂದು, ಚಹಾ ಕುಡಿದು, ಸೇವ್ ಮಾಡದೇ ಎದ್ದು ಹೋಗಿದ್ದೆ. ಯುಪಿಎಸ್ ಇದ್ದದ್ದರಿಂದ ಅಷ್ಟು ದಿನ ಸ್ವಿಚ್ ಆರಿಯೇ ಇರಲಿಲ್ಲ, ನನ್ನ ತಪ್ಪು ಯಾರಿಗೂ ಗೊತ್ತಾಗಲಿಲ್ಲ.

ಬ್ಯಾಕಪ್ ಕೂಡ ಇಟ್ಟುಕೊಂಡಿರಲಿಲ್ಲ. ಯಾವ ಕೇಬಲ್ ಯಾವ ಯಂತ್ರದ್ದೋ ಎಂದು ತಲೆ ಕೆರೆದುಕೊಳ್ಳುವಾಗ ಒಂದೊಂದು ಕೇಬಲ್ಲಿನ ಮೇಲೂ ಗಾಯಕ್ಕೆ ಹಚ್ಚುವ ಬಿಳಿ ಪಟ್ಟಿ ಕಂಡಿತು. ಅದರ ಮೇಲೆ ಪೆನ್ನಿನಲ್ಲಿ ತೂಕ, ಫ್ಯಾಟ್, ಕ್ಯಾಮೆರಾ ಎಂಬ ಹೆಸರು, ಜೊತೆಗೆ ಸ್ವಿಚ್ಚಿನಲ್ಲಿ ಅದನ್ನು ಸಿಕ್ಕಿಸುವ ತೂತಿನ ನಂಬರು.

"ಬಿಚ್ಚೂಕಿಂತ ಮೊದಲ ಬರದ ಹಚ್ಚೀನ್ರಿ," ಎಂದ ಲಗಮಣ್ಣ. "ಹೊಳ್ಳಿ ಹಾಕೂವಾಗ ಅದ್ಲಿ ಬದ್ಲಿ ಆಗಬಾರದಲ್ರಿ."

ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಎಂಜಿನಿಯರ್ ಆದ ನಾನು ಬರೆದಿಡದ್ದನ್ನು ಅವನು ಬರೆದಿಟ್ಟಿದ್ದ. ಅವನು ಪಟ್ಟಿ ಓದಿ ಹೇಳುತ್ತ ಹೋದ, ನಾನು ಸೆಟ್ಟಿಂಗ್ ಬರೆಯುತ್ತ ಹೋದೆ. ಮಧ್ಯಾಹ್ನದ ಹೊತ್ತಿಗೆ ಎಲ್ಲ ಯಂತ್ರಗಳೂ ಮಾತಾಡಿದವು. ಸೇವ್ ಮಾಡಿದೆ. ನಂಬಿಕೆ ಬರದೆ, ನಾನೇ ಸ್ವಿಚ್ ಆರಿಸಿ ಮತ್ತೆ ಹಚ್ಚಿ ನೋಡಿದೆ. ಎಲ್ಲ ಸರಿಯಿತ್ತು.

ಉಳಿದದ್ದು ರಿಪೋರ್ಟ್. ಸುಳ್ಳು ಬರೆದಿದ್ದರೆ ಹಿಡಿಯುವವರು ಆ ಕೇಂದ್ರದಲ್ಲಿ ಯಾರೂ ಇರಲಿಲ್ಲ. ನಿಜ ಬರೆದರೆ ನಮ್ಮ ಕಂಪನಿಯಲ್ಲಿ ನನಗೆ ಮೆಮೊ ಖಾತ್ರಿ. ಸುಳ್ಳು ಬರೆಯುವ ಆಸೆಯೂ ಆಯಿತು, ಅದನ್ನು ಮುಚ್ಚಿಡುವುದಿಲ್ಲ. ಆಮೇಲೆ ಬರೆದೆ: "ಸೆಟ್ಟಿಂಗ್ ಸೇವ್ ಮಾಡದೇ ಹೋದದ್ದು ನನ್ನ ತಪ್ಪು. ಆಪರೇಟರ್ ಗುರುತು ಹಚ್ಚಿ ಇಟ್ಟಿದ್ದರಿಂದಲೇ ಇವತ್ತು ಕೆಲಸ ಸುರುವಾಯಿತು."

ಮ್ಯಾನೇಜರ್ ಅದನ್ನು ಎರಡು ಸಲ ಓದಿದರು. "ಬೆಳಿಗ್ಗೆ ನೀವ ಅಷ್ಟ ಬೈದ್ರೆಲ್ರಿ ಮೇಡಂ!"

"ಬೈದೆ ಸರ್. ಅದೂ ನಂದ ತಪ್ಪ."

ಅವರು ನಕ್ಕು, ಕಾಯಂ ಮಾಡುವವರ ಪಟ್ಟಿ ಹೊರಗೆ ತೆಗೆದು, ಲಗಮಣ್ಣನ ಹೆಸರು ಹಾಗೇ ಇರುವಂತೆ ನನ್ನೆದುರಿಗೇ ಸಹಿ ಹಾಕಿದರು. ಮೆಮೊ ನನಗೆ ಮುಂದಿನ ವಾರ ಬಂತು. ಈಗಲೂ ಫೈಲಿನಲ್ಲಿದೆ.

ಯಂತ್ರ ನಿಂತರೆ ಕೊನೆಗೆ ಮುಟ್ಟಿದವರ ಮೇಲೆಯೇ ಎಲ್ಲರ ಕಣ್ಣು. ಅವರಿಗಿಂತ ಮೊದಲು ನಾನೇನು ಮಾಡಿ ಹೋಗಿದ್ದೆ ಎಂದು ತೆರೆದು ನೋಡುವುದನ್ನು ಈ ವೃತ್ತಿ ನನಗೆ ಕಲಿಸಿದ್ದು ಆ ದಿನ.

ಸ್ಕೂಟಿ ಹತ್ತುವಾಗ ಲಗಮಣ್ಣ ಓಡಿ ಬಂದ, ಮುಷ್ಟಿಯಲ್ಲಿ ಬನ್ನಿ ಎಲೆ. ನಮ್ಮ ಕಡೆ ದಸರೆಗೆ ಕಿರಿಯರು ಹಿರಿಯರಿಗೆ ಬಂಗಾರವೆಂದು ಬನ್ನಿ ಕೊಟ್ಟು ಕಾಲಿಗೆ ಬೀಳುವುದು ಪದ್ಧತಿ. ಅವನು ನನಗಿಂತ ಹತ್ತು ವರ್ಷ ದೊಡ್ಡವನು. ಅವನ ಕೈಯಿಂದಲೇ ನಾಲ್ಕು ಎಲೆ ಇಸಿದುಕೊಂಡು, ಅವನಿಗೇ ಕೊಟ್ಟು, ಟೆಂಪೋದವರೆಲ್ಲ ನೋಡುತ್ತಿರುವಾಗಲೇ ಬಗ್ಗಿ ಕಾಲು ಮುಟ್ಟಿದೆ.

"ಅಯ್ಯ, ಬ್ಯಾಡ್ರಿ ಅಕ್ಕಾರ!" ಎಂದು ಹಿಂದೆ ಸರಿದ. ಆಮೇಲೆ ನನ್ನ ತಲೆಯ ಮೇಲೆ ಕೈ ಇಟ್ಟು, "ಬಂಗಾರದಾಂಗ ಇರವಾ" ಎಂದ.