ಅಕ್ಕ ಕನ್ನಡದಲ್ಲಿ ಹೇಳಿದ ಕಾರ್ಟೂನು

ಸಿಂಧಘಟ್ಟದಲ್ಲಿ ನಾವು ಮಕ್ಕಳೆಲ್ಲ ಕಾರ್ಟೂನು ನೋಡುತ್ತಿದ್ದುದು ಎದುರುಮನೆಯ ಟಿ.ವಿ.ಯಲ್ಲಿ. ಅದು ಹಿಂದಿಯಲ್ಲಿ ಮಾತಾಡುತ್ತಿತ್ತು. ನಮಗೆ ಒಂದಕ್ಷರವೂ ಅರ್ಥವಾಗುತ್ತಿರಲಿಲ್ಲ. ನಮ್ಮ ಮನೆಯಲ್ಲೇ ಬೆಳೆಯುತ್ತಿದ್ದ ದೊಡ್ಡಪ್ಪನ ಮಗಳು ಮಾತ್ರ ತನಗೆ ಹಿಂದಿ ಬರುತ್ತದೆಂದು ಎಲ್ಲರಿಗಿಂತ ಮುಂದೆ ಕೂತು ಕನ್ನಡದಲ್ಲಿ ಕಥೆ ಹೇಳುತ್ತಿದ್ದಳು. ಹಾರುವ ದೋಣಿಯಲ್ಲಿ ಊರೂರು ಅಲೆಯುವ ಒಬ್ಬ ಹುಡುಗಿ, ಜೊತೆಗೊಂದು ಮೊಂಡುಬಾಲದ ನರಿ. ಆ ಹುಡುಗಿ ಕಳೆದುಹೋದ ಅವ್ವನನ್ನು ಹುಡುಕುತ್ತಿದ್ದಾಳೆ ಎಂದಿದ್ದಳು ಅಕ್ಕ.

ಶಾಲೆಯಲ್ಲೂ ಅದೇ ಹುಚ್ಚು. ಕುರುಕಲು ಪೊಟ್ಟಣದೊಳಗೆ ಬರುತ್ತಿದ್ದ ನರಿಯ ಸ್ಟಿಕ್ಕರಿಗಾಗಿ ನಾನು ಹೊಸ ಜಾಮಿಟ್ರಿ ಬಾಕ್ಸನ್ನೇ ಗೆಳತಿಗೆ ಕೊಟ್ಟು, ಅವ್ವನ ಕೈಲಿ ಒದೆ ತಿಂದಿದ್ದೆ.

ಕಾರ್ಟೂನು ಮುಗಿದಾಗಲೆಲ್ಲ ನನ್ನದು ಒಂದೇ ಪ್ರಶ್ನೆ: "ಅವ್ವ ಸಿಕ್ಕುದ್ಲಾ?"

"ನಾಳೀಕೆ ಸಿಕ್ತಾಳೆ ಕಣಮ್ಮಿ" ಎನ್ನುತ್ತಿದ್ದಳು ಅಕ್ಕ.

ಅವ್ವ ಸಿಗುವ ಮೊದಲೇ ಎದುರುಮನೆಯವರು ಟಿ.ವಿ. ಸಮೇತ ಕೆ.ಆರ್. ಪೇಟೆಗೆ ಹೊರಟುಹೋದರು.

ಹೋದ ತಿಂಗಳು ಜ್ವರ ಬಂದು ಮಲಗಿದ್ದಾಗ ಫೋನಿನಲ್ಲಿ ಅದೇ ಹಾರುವ ದೋಣಿ ಕಣ್ಣಿಗೆ ಬಿತ್ತು. ಈಗ ಕನ್ನಡದಲ್ಲೇ ಮಾತಾಡುತ್ತಿತ್ತು. ಆಸೆಯಿಂದ ಎರಡು ದಿನದಲ್ಲಿ ಅಷ್ಟೂ ಕಂತು ನೋಡಿ ಮುಗಿಸಿದೆ. ನರಿಯ ಚೇಷ್ಟೆಗೆ ನಗು ಬರಲಿಲ್ಲ. ಹುಡುಗಿ ಹುಡುಕುತ್ತಿದ್ದುದು ಯಾವುದೋ ರಾಜನ ನಿಧಿಯನ್ನು. ಅವ್ವನ ಸುದ್ದಿಯೇ ಇರಲಿಲ್ಲ. ನನ್ನದೇ ಏನೋ ಕಳವಾದಂತೆ ಪೆಚ್ಚಾಗಿ ಕೂತೆ. ಆಮೇಲೆ ದೊಡ್ಡವ್ವ ನೆನಪಾದರು. ಅಕ್ಕ ಒಂದನೇ ಕ್ಲಾಸಿಗೆ ಸೇರುವ ಮುಂಚೆಯೇ ಅವಳ ಅವ್ವ ತೀರಿಕೊಂಡಿದ್ದರು.

ಜ್ವರ ಬಿಟ್ಟ ಮೇಲೆ, ಅಕ್ಕನನ್ನು ಕೊಟ್ಟಿದ್ದ ಬೆಳಗೊಳಕ್ಕೆ ಹೋದೆ. ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದವಳಿಗೆ ಫೋನು ತೋರಿಸಿದೆ. ಸ್ವಲ್ಪ ಹೊತ್ತು ನೋಡಿ ನಕ್ಕಳು.

"ನಂಗೆಲ್ಲಿ ಇಂದಿ ಬತ್ತಿತ್ತು? ಆ ಎಣ್ಮಗ ಒಂದೇ ಅಲೀತಿತ್ತಲ್ಲ, ಅವ್ವುನ್ನೇ ಉಡುಕ್ತಾದೆ ಅನ್ನುಸ್ತು. ಅಂಗೇ ಯೋಳ್ದೆ."

"ಮತ್ತೆ ದಿನಾ ನಾಳೀಕೆ ನಾಳೀಕೆ ಅಂತಿದ್ದಲ್ಲಕ್ಕ? ಒಂದಿನ ಸಿಕ್ಕುದ್ಲು ಅಂದ್ಬುಟ್ಟಿದ್ರೆ ಏನಾಗ್ತಿತ್ತು?"

ಅವಳ ಕೈ ನಿಂತಿತು. "ಸಿಕ್ಕುದ್ರೆ ಅವ್ವ ಏನಾರ ಮಾತಾಡ್ಬೇಕಲ್ಲ. ನಂಗೆ ನಮ್ಮವ್ವುನ್ ದನೀನೇ ಮರ್ತೋಗಿತ್ತು ಕಣಮ್ಮಿ."

ಫೋನು ಆರಿಸಿ ಅವಳ ಪಕ್ಕದಲ್ಲಿ ಕೂತು ನಾನೂ ಕಾಯಿ ಬಿಡಿಸತೊಡಗಿದೆ. ಚಿಕ್ಕಂದಿನಂತೆ ಎದುರುಮನೆಯ ನೆಲದ ಮೇಲೆ ಅವಳ ಬೆನ್ನಿಗೊರಗಿ ಕೂರುವುದು ಇನ್ನೊಂದು ಸಲ ಸಿಗಬಾರದೇ ಅನ್ನಿಸಿತು.

ಸಂಜೆ ಬಸ್ಸಿಗೆ ಹೊರಟಾಗ ಅಕ್ಕ ಅವರೆಕಾಳಿನ ಚೀಲ ಕೈಗಿಟ್ಟಳು. "ಚಿಕ್ಕವ್ವಂಗೆ ಕೊಡು. ಬರೋ ವಾರ ನಾನೇ ಬತ್ತೀನಿ, ಎರ್ಡು ದಿನ ಇರ್ತೀನಿ ಅಂತ ಯೋಳು."